ಕಣದ ಕಾವಲೂ ಕಳ್ಳನ ಪ್ರಾಣವೂ
(ಸಭೆಯವರಿಗೆ ಒಂದು ಪಾಠ)



ಹೋದ ಸುಗ್ಗಿಯ ಕಾಲದಲ್ಲಿ ಒಂದು ಹಳ್ಳಿಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದು ಜನರು ತಮ್ಮ ತಮ್ಮ ಮನೆಗಳಿಗೆ ಹೋದ ಮೇಲೆ ಒಬ್ಬ ಸಹೋದರನು ಬಾಗಿಲಿನ ಬಳಿಯಲ್ಲಿ ನಿಂತುಕೊಂಡನು. ಅವನ ಕಣದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಕಳ್ಳರು ಎರಡು ಸಾರಿ ರಾತ್ರಿಯಲ್ಲಿ ಚೀಲಗಳಿಗೆ ತುಂಬಿಕೊಂಡು ಹೋಗಿದ್ದರು. ಆ ಬೆಳೆಯ ಮೇಲೆ ಬೀಜ ಗೊಬ್ಬರಗಳ ಸಾಲವಿತ್ತು. ಮಗಳ ಓದಿನ ಖರ್ಚೂ ಅದರಿಂದಲೇ ಹೊರಡಬೇಕಾಗಿತ್ತು. ಅವನು ಹೇಳಿದ್ದೇನಂದರೆ: “ಉಪದೇಶಿಗಳೇ, ಮೂರನೆಯ ಸಾರಿ ಅವರು ಬಂದರೆ ನಾನು ಸುಮ್ಮನಿರಲಾರೆನು. ಕಣದ ಸುತ್ತಲೂ ತಂತಿ ಎಳೆದು ಪಂಪಿನ ಮನೆಯಿಂದ ಕರೆಂಟು ಕೊಡುತ್ತೇನೆ. ಹೊಲ ನನ್ನದು, ಮಾಲು ನನ್ನದು. ಕದಿಯಲು ಬಂದವನು ಸತ್ತರೆ ಅದು ಅವನ ತಲೆಯ ಮೇಲೆಯೇ ಇರಲಿ. ಇದಕ್ಕೆ ಕಾಯಿದೆಯಲ್ಲಿ ಅಡ್ಡಿಯುಂಟೋ?”

ತಂತಿಯ ಸುರುಳಿಯನ್ನು ಅವನು ಆಗಲೇ ಕೊಂಡುತಂದಿದ್ದನು. ಆದಕಾರಣ ಇದು ಮಾತಿಗೋಸ್ಕರ ಕೇಳಿದ ಪ್ರಶ್ನೆಯಾಗಿರಲಿಲ್ಲ. ಒಂದು ವಾರ ತಾಳಬೇಕೆಂದು ನಾನು ಅವನನ್ನು ಬೇಡಿಕೊಂಡೆನು. ಆ ವಾರದಲ್ಲಿ ಕಾಯಿದೆಯ ಪುಸ್ತಕಗಳನ್ನು ತೆಗೆದು ನೋಡಿ, ತಿಳಿದವರನ್ನೂ ಕೇಳಿ, ಅವನಿಗೆ ಉತ್ತರ ಕೊಟ್ಟೆನು. ಇಂಥ ಪ್ರಶ್ನೆ ಒಬ್ಬನದಲ್ಲ, ಕಣವೂ ಹಟ್ಟಿಯೂ ಇರುವ ಪ್ರತಿಯೊಬ್ಬನದು. ಆದದರಿಂದ ಆ ಉತ್ತರವನ್ನು ಪಾಠದ ರೀತಿಯಲ್ಲಿ ಇಲ್ಲಿ ಬರೆಯುತ್ತೇನೆ.

೧. ಕಾಪಾಡಿಕೊಳ್ಳುವ ಹಕ್ಕು ಇರುವದು ನಿಜ

ಕಳ್ಳನು ಮನೆಯನ್ನು ಬರಿದುಮಾಡುವಾಗ ಯಜಮಾನನು ಕೈಕಟ್ಟಿಕೊಂಡು ನೋಡುತ್ತಿರಬೇಕೆಂದು ನಮ್ಮ ದೇಶದ ಕಾಯಿದೆಯು ಹೇಳುವದಿಲ್ಲ. ೧೮೬೦ ರಲ್ಲಿ ಮಾಡಲ್ಪಟ್ಟು ೧೮೬೨ ನೆಯ ಜನವರಿ ೧ ರಿಂದ ನಡೆದುಬಂದ ಭಾರತೀಯ ದಂಡಸಂಹಿತೆಯ ೯೬ ರಿಂದ ೧೦೬ ರ ವರೆಗಿನ ಕಲಮುಗಳು ಈ ಹಕ್ಕನ್ನು ವಿವರಿಸಿದ್ದವು. ಆ ಸಂಹಿತೆಯ ಬದಲಾಗಿ ೨೦೨೪ ನೆಯ ಜುಲೈ ೧ ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ. ಅದರಲ್ಲಿ ೩೪ ರಿಂದ ೪೪ ರ ವರೆಗಿನ ಕಲಮುಗಳು ಇದೇ ವಿಷಯವನ್ನು ಹೇಳುತ್ತವೆ. ಅಂಕಿಗಳು ಬದಲಾದವು, ಸಾರವು ಬದಲಾಗಲಿಲ್ಲ.

ಆ ಸಾರವೇನಂದರೆ: ಪ್ರತಿಯೊಬ್ಬನು ತನ್ನ ಶರೀರವನ್ನೂ ಇನ್ನೊಬ್ಬನ ಶರೀರವನ್ನೂ, ತನ್ನ ಸೊತ್ತನ್ನೂ ಇನ್ನೊಬ್ಬನ ಸೊತ್ತನ್ನೂ ಕಾಪಾಡಬಹುದು. ಸೊತ್ತಿನ ವಿಷಯದಲ್ಲಿ ಈ ಹಕ್ಕು ನಾಲ್ಕು ಅಪರಾಧಗಳಿಗೆ ಎದುರಾಗಿ ಇರುತ್ತದೆ. ಕಳವು, ಸುಲಿಗೆ, ಸೊತ್ತನ್ನು ಕೆಡಿಸುವದು, ಅತಿಕ್ರಮವಾಗಿ ಒಳನುಗ್ಗುವದು, ಇವೇ ಆ ನಾಲ್ಕು; ಇವುಗಳನ್ನು ಮಾಡಲು ಪ್ರಯತ್ನಿಸುವದಕ್ಕೂ ಇದೇ ನಿಯಮ. ಹೀಗೆ ಕಾಪಾಡುವಾಗ ಕಳ್ಳನನ್ನು ತಡೆಯಬಹುದು, ಅವನ ಕೈಯಿಂದ ಚೀಲವನ್ನು ಕಿತ್ತುಕೊಳ್ಳಬಹುದು, ಅವನನ್ನು ಹಿಡಿದು ನಿಲ್ಲಿಸಬಹುದು, ಅವಶ್ಯಬಿದ್ದರೆ ಕೋಲಿನಿಂದ ಹೊಡೆದು ಓಡಿಸಬಹುದು. ನಿನ್ನ ಹೊಲವನ್ನು ಬಿಟ್ಟು ನೀನು ಓಡಿಹೋಗಬೇಕೆಂಬ ನಿಯಮವಿಲ್ಲ. ಇಷ್ಟರ ಮಟ್ಟಿಗೆ ಆ ಸಹೋದರನ ಮಾತು ಸರಿಯಾಗಿತ್ತು.

೨. ಆ ಹಕ್ಕಿನ ಸುತ್ತಲಿರುವ ಬೇಲಿ

ಆದರೆ ಹೊಲಕ್ಕೆ ಬದು ಇರುವ ಹಾಗೆ ಹಕ್ಕಿಗೂ ಬದು ಉಂಟು. ೩೭ ನೆಯ ಕಲಮು ಆ ಬದುವನ್ನು ಹಾಕುತ್ತದೆ. ಅದರಲ್ಲಿ ಮುಖ್ಯವಾದ ಮೂರು ಮಾತುಗಳನ್ನು ಓದುವವರು ಗಮನದಲ್ಲಿಡಬೇಕು.

ಮೊದಲನೆಯದು: ಸರಕಾರದ ಅಧಿಕಾರಿಗಳ ಸಹಾಯವನ್ನು ಪಡೆಯುವದಕ್ಕೆ ಸಮಯವಿದ್ದಲ್ಲಿ ಈ ಹಕ್ಕು ಹುಟ್ಟುವದೇ ಇಲ್ಲ. ಕಳ್ಳನು ಇಂದು ರಾತ್ರಿ ಕಣದಲ್ಲಿ ಕಂಡರೆ ಠಾಣೆಗೆ ಹೋಗಿ ಬರುವಷ್ಟು ಸಮಯವಿರುವದಿಲ್ಲ, ಆಗ ಹಕ್ಕುಂಟು. ಆದರೆ ಕಳ್ಳನು ಯಾರೆಂದು ಮರುದಿನ ತಿಳಿದುಬಂದರೆ ಅವನ ಮನೆಗೆ ಹೋಗಿ ಹೊಡೆಯುವದು ರಕ್ಷಣೆಯಲ್ಲ, ಸೇಡು. ಬದುವಿನ ಜಗಳಗಳಲ್ಲಿಯೂ ಹೀಗೆಯೇ. ನೆರೆಯವನು ಕಲ್ಲನ್ನು ಸರಿಸಿ ಬಹುಕಾಲದಿಂದ ನಿನ್ನ ಎರಡು ಸಾಲನ್ನು ಉಳುತ್ತಾ ಸ್ವಾಧೀನದಲ್ಲಿಟ್ಟುಕೊಂಡಿದ್ದರೆ, ಪಟ್ಟಾ ನಿನ್ನ ಹೆಸರಿನಲ್ಲಿದ್ದರೂ ನೀನು ಕೊಡಲಿ ಹಿಡಿದು ಅವನನ್ನು ಹೊರಡಿಸಕೂಡದು. ಕೋರ್ಟಿನ ಮೂಲಕವಾಗಿಯೇ ಬಿಡಿಸಿಕೊಳ್ಳಬೇಕು. ನೆಲೆಯಾದ ಸ್ವಾಧೀನದಲ್ಲಿರುವವನನ್ನು ನಿಜವಾದ ಒಡೆಯನು ಸಹ ಬಲಾತ್ಕಾರದಿಂದ ಹೊರಡಿಸಲಾಗದೆಂದು ಸುಪ್ರೀಂ ಕೋರ್ಟು ಸ್ಪಷ್ಟಮಾಡಿದೆ.

ಎರಡನೆಯದು: ಕಾಪಾಡುವದಕ್ಕೆ ಎಷ್ಟು ಬೇಕೋ ಅಷ್ಟೇ ಕೇಡನ್ನು ಮಾಡಬಹುದು, ಅದಕ್ಕಿಂತ ಹೆಚ್ಚಾಗಿ ಮಾಡಕೂಡದು. ಕೂಗಿದರೆ ಓಡಿಹೋಗುವವನ ಮೇಲೆ ಕಲ್ಲು ಬೀಸುವದು ಯಾಕೆ? ಕಲ್ಲಿಗೆ ಅಂಜಿ ಚೀಲ ಬಿಟ್ಟವನ ಮೇಲೆ ಕುಡುಗೋಲು ಎತ್ತುವದು ಯಾಕೆ?

ಮೂರನೆಯದು: ಸರಕಾರದ ನೌಕರನು ತನ್ನ ಕೆಲಸವನ್ನು ಸದ್ಭಾವದಿಂದ ಮಾಡಲು ಬಂದಾಗ, ಅವನಿಂದ ಪ್ರಾಣಕ್ಕಾಗಲಿ ಘೋರವಾದ ಗಾಯಕ್ಕಾಗಲಿ ಭಯವಿಲ್ಲದಿದ್ದರೆ, ಅವನಿಗೆ ಎದುರಾಗಿ ಈ ಹಕ್ಕು ಇಲ್ಲ. ಕೋರ್ಟಿನ ಅಮೀನನು ಜಪ್ತಿಗೆ ಬಂದಾಗ ಕೋಲು ಹಿಡಿದು ನಿಲ್ಲುವದು ರಕ್ಷಣೆ ಎನ್ನಿಸಿಕೊಳ್ಳುವದಿಲ್ಲ.

೩. ಪ್ರಾಣ ತೆಗೆಯುವ ವರೆಗೆ ಹಕ್ಕು ಹೋಗುವ ನಾಲ್ಕು ಸಂಗತಿಗಳು

ಈಗ ಪಾಠದ ನಡುವಿಗೆ ಬಂದೆವು. ಸೊತ್ತನ್ನು ಕಾಪಾಡುವವನು ಎದುರಾಳಿಯ ಪ್ರಾಣವನ್ನು ತೆಗೆದರೂ ಅಪರಾಧಿಯಾಗದಿರುವ ಸಂಗತಿಗಳು ಯಾವವು? ೪೧ ನೆಯ ಕಲಮು ನಾಲ್ಕನ್ನು ಮಾತ್ರ ಹೇಳುತ್ತದೆ. ಇವುಗಳಲ್ಲಿಯೂ ಮೇಲೆ ಹೇಳಿದ ಬೇಲಿ ಇದ್ದೇ ಇರುತ್ತದೆ.

(ಅ) ಸುಲಿಗೆ. ಕಳವಿಗೂ ಸುಲಿಗೆಗೂ ಭೇದವುಂಟು. ಕಳ್ಳನು ಕದಿಯುವದಕ್ಕಾಗಲಿ ಕದ್ದದ್ದನ್ನು ಒಯ್ಯುವದಕ್ಕಾಗಲಿ ಒಬ್ಬನನ್ನು ಕೊಂದರೆ, ಗಾಯಪಡಿಸಿದರೆ, ಕಟ್ಟಿಹಾಕಿದರೆ, ಇಲ್ಲವೆ ಆ ಕ್ಷಣವೇ ಹಾಗೆ ಮಾಡುವೆನೆಂದು ಅಂಜಿಸಿದರೆ ಕಳವು ಸುಲಿಗೆಯಾಗುತ್ತದೆ. ನೀನು ಮಲಗಿರುವಾಗ ಸದ್ದಿಲ್ಲದೆ ಚೀಲ ಹೊತ್ತವನು ಕಳ್ಳನು. ಎದೆಗೆ ಚೂರಿ ಹಿಡಿದು ಚೀಲ ಕೇಳಿದವನು ಸುಲಿಗೆಗಾರನು.

(ಆ) ಸೂರ್ಯನು ಮುಳುಗಿದ ಮೇಲೆ, ಸೂರ್ಯನು ಹುಟ್ಟುವದಕ್ಕೆ ಮೊದಲು ಕನ್ನ ಹಾಕಿ ಮನೆಯೊಳಗೆ ನುಗ್ಗುವದು. ಗೋಡೆಯನ್ನು ಕೊರೆದು, ಹಂಚು ತೆಗೆದು, ಬೀಗ ಮುರಿದು, ಮನುಷ್ಯರು ಹೋಗಿಬರುವದಕ್ಕೆ ಮಾಡದಿರುವ ದಾರಿಯಿಂದ ಒಳಗೆ ಬರುವದೆಲ್ಲಾ ಇದರಲ್ಲಿ ಸೇರಿದೆ. ಮನೆ ಎಂಬ ಮಾತಿನಲ್ಲಿ ಜನರು ವಾಸಿಸುವ ಕಟ್ಟಡವೂ ಗುಡಾರವೂ, ಮಾಲನ್ನು ಇಡುವ ಕಟ್ಟಡವೂ, ದೇವಾರಾಧನೆಯ ಕಟ್ಟಡವೂ ಒಳಗೊಂಡಿವೆ. ಬಯಲಾಗಿರುವ ಕಣವಾದರೋ ಮನೆಯಲ್ಲ.

(ಇ) ಜನರು ವಾಸಿಸುವ ಅಥವಾ ಸೊತ್ತನ್ನು ಇಡುವ ಕಟ್ಟಡಕ್ಕೆ, ಗುಡಾರಕ್ಕೆ, ಇಲ್ಲವೆ ಹಡಗಿಗೆ ಬೆಂಕಿ ಹಚ್ಚುವದು, ಅಥವಾ ಸಿಡಿಮದ್ದಿನಿಂದ ಕೆಡಿಸುವದು. ಇಲ್ಲಿಯೂ ಮಾತುಗಳನ್ನು ಅಳೆದು ನೋಡಬೇಕು. ಬಯಲಿನಲ್ಲಿ ಒಟ್ಟಿದ ಬಣವೆಗೆ ಬೆಂಕಿಯಿಡುವದು ಘೋರವಾದ ಅಪರಾಧವೇ. ಅದಕ್ಕೆ ಕಠಿಣ ಶಿಕ್ಷೆಯುಂಟು. ಆದರೆ ಬಣವೆಯು ಕಟ್ಟಡವಲ್ಲದ್ದರಿಂದ ಅದು ಈ ಮಾತಿನಲ್ಲಿ ಬರುವದಿಲ್ಲ. ಬಣವೆಯ ಬೆಂಕಿಯು ಮಲಗಿರುವವರ ಗುಡಿಸಲಿಗೆ ತಗಲುವ ಭಯವಿದ್ದರೆ ಅದು ಬೇರೆ ಸಂಗತಿ.

(ಈ) ಸಾಧಾರಣವಾದ ಕಳವು, ಕೆಡಿಸುವದು, ಮನೆಯೊಳಗೆ ಅತಿಕ್ರಮವಾಗಿ ಬರುವದು, ಇವುಗಳಲ್ಲಿ ತಡೆಯದಿದ್ದರೆ ಯಾರಿಗಾದರೂ ಮರಣವಾಗಲಿ ಘೋರವಾದ ಗಾಯವಾಗಲಿ ಆದೀತೆಂದು ನ್ಯಾಯವಾಗಿ ಭಯಪಡುವಂಥ ಸ್ಥಿತಿ. ಹಿತ್ತಲಲ್ಲಿ ಸಿಕ್ಕಿದ ಕಳ್ಳನು ಓಡಿಹೋಗದೆ ಕುಡುಗೋಲು ಎತ್ತಿ ನಿನ್ನ ಮೇಲೆ ಬರುವದು ಇದಕ್ಕೆ ಉದಾಹರಣೆ. ಆಗ ನೀನು ಕಾಪಾಡುವದು ಮೆಣಸಿನಕಾಯಿಯನ್ನಲ್ಲ, ನಿನ್ನ ಪ್ರಾಣವನ್ನು.

ಈ ನಾಲ್ಕರಲ್ಲಿ ಸೇರದ ಕಳವಿಗೂ ಅತಿಕ್ರಮಕ್ಕೂ ೪೨ ನೆಯ ಕಲಮು ಮೇರೆಯಿಟ್ಟಿದೆ: ತಡೆಯಬಹುದು, ಅವಶ್ಯವಿದ್ದರೆ ನೋವುಪಡಿಸಬಹುದು, ಪ್ರಾಣ ತೆಗೆಯಕೂಡದು. ಈಗ ಆ ಸಹೋದರನ ಕಣವನ್ನು ಈ ಅಳತೆಯಿಂದ ಅಳೆಯೋಣ. ಕಳ್ಳರು ಯಾರನ್ನೂ ಅಂಜಿಸಲಿಲ್ಲ, ಆದಕಾರಣ ಸುಲಿಗೆಯಲ್ಲ. ಕಣವು ಮನೆಯಲ್ಲ, ಆದಕಾರಣ ಕನ್ನವಲ್ಲ. ಬೆಂಕಿಯಿಲ್ಲ. ಯಾರ ಪ್ರಾಣಕ್ಕೂ ಭಯವಿರಲಿಲ್ಲ. ಹಾಗಾದರೆ ಉಳಿದದ್ದು ಬರೀ ಕಳವು. ರಾತ್ರಿ ಎಂಬ ಒಂದೇ ಕಾರಣದಿಂದ ಕಣದ ಕಳ್ಳನನ್ನು ಕೊಲ್ಲುವ ಹಕ್ಕು ಹುಟ್ಟುವದಿಲ್ಲ.

೪. ಹಕ್ಕು ಎಂದು ಹುಟ್ಟುವದು, ಎಂದು ಮುಗಿಯುವದು

ಸೊತ್ತಿಗೆ ಅಪಾಯವಿದೆಯೆಂದು ನ್ಯಾಯವಾದ ಭಯ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ ಎಂದು ೪೩ ನೆಯ ಕಲಮು ಹೇಳುತ್ತದೆ. ಕಳವಿನಲ್ಲಿ ಅದು ಮೂರರಲ್ಲಿ ಒಂದು ಆಗುವ ತನಕ ಇರುವದು: ಕಳ್ಳನು ಮಾಲಿನೊಂದಿಗೆ ತಪ್ಪಿಸಿಕೊಂಡು ಹೋಗುವದು, ಅಧಿಕಾರಿಗಳ ಸಹಾಯ ದೊರೆಯುವದು, ಇಲ್ಲವೆ ಮಾಲು ಹಿಂದಕ್ಕೆ ಬರುವದು. ಅಂದರೆ ಚೀಲ ಹೊತ್ತು ಓಡುವವನನ್ನು ಬೆನ್ನಟ್ಟಿ ಚೀಲವನ್ನು ಬಿಡಿಸಿಕೊಳ್ಳಬಹುದು. ಸುಲಿಗೆಯಲ್ಲಿ ಸುಲಿಗೆಗಾರನ ಹಿಂಸೆಯೂ ಅದರ ಭಯವೂ ಇರುವ ತನಕ. ರಾತ್ರಿಯ ಕನ್ನದಲ್ಲಿ ಕಳ್ಳನು ಮನೆಯೊಳಗೆ ಇರುವ ತನಕ. ಅವನು ಗೋಡೆಯ ಆಚೆಗೆ ಹಾರಿ ಓಡಿದ ಮೇಲೆ ಕನ್ನದ ಹಕ್ಕು ಮುಗಿಯಿತು.

ಈ ಮಾತನ್ನು ನಮ್ಮ ಜನರು ಬಹಳವಾಗಿ ಮರೆಯುತ್ತಾರೆ. ೧೯೬೨ ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪಂಜಾಬಿನ ಒಂದು ಹೊಲದ ಜಗಳದ ಖಟ್ಲೆ ಬಂತು. ಹೊಲವನ್ನು ಹಿಡಿದಿದ್ದವರಿಗೆ ಅದನ್ನು ಕಾಪಾಡುವ ಹಕ್ಕು ಮೊದಲಲ್ಲಿ ಇತ್ತು. ಆದರೆ ಎದುರಿನವರು ಬೆನ್ನು ತಿರುಗಿಸಿ ಓಡುತ್ತಿರುವಾಗ ಅವರ ಮೇಲೆ ಗುಂಡು ಹಾರಿಸಲಾಗಿತ್ತು. ಭಯದ ಕಾರಣವು ಹೋದ ಕೂಡಲೇ ಹಕ್ಕೂ ಹೋಗುತ್ತದೆಂದು ನ್ಯಾಯಾಧೀಶರು ತೀರ್ಪುಮಾಡಿದರು. ಅಪಾಯದಲ್ಲಿರುವವನು ಬಂಗಾರದ ತಕ್ಕಡಿಯಲ್ಲಿ ತೂಗಿದ ಹಾಗೆ ತನ್ನ ಏಟನ್ನು ತೂಗಲಾರನೆಂಬದನ್ನೂ ಅವರು ಒಪ್ಪಿಕೊಂಡರು. ಆದರೆ ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗುವದು ಬೇರೆ. ಓಡುವವನ ಬೆನ್ನಿಗೆ ಗುಂಡಿಡುವದು ಬೇರೆ.

ಹಿಡಿದ ಕಳ್ಳನನ್ನು ಕಂಬಕ್ಕೆ ಕಟ್ಟಿ ಊರವರೆಲ್ಲರೂ ಸೇರಿ ಹೊಡೆಯುವದನ್ನು ಕೆಲವರು ಧೈರ್ಯವೆಂದು ಎಣಿಸುತ್ತಾರೆ. ಕೈ ಕಟ್ಟಿಸಿಕೊಂಡವನಿಂದ ಯಾವ ಸೊತ್ತಿಗೆ ಅಪಾಯವಿದೆ? ಅಲ್ಲಿ ರಕ್ಷಣೆ ಮುಗಿದು ಹಿಂಸೆ ಆರಂಭವಾಯಿತು. ಒಂದೇ ಉದ್ದೇಶದಿಂದ ಕೂಡಿಬಂದು ಹೊಡೆದವರಲ್ಲಿ ಒಬ್ಬನ ಏಟಿನಿಂದ ಅವನು ಸತ್ತರೂ ಕೂಡಿದವರೆಲ್ಲರೂ ಹೊಣೆಗಾರರಾಗುತ್ತಾರೆ. ನಾನು ಒಂದೇ ಏಟು ಹಾಕಿದೆನು ಎಂಬ ಮಾತು ಕೋರ್ಟಿನಲ್ಲಿ ನಡೆಯಲಾರದು.

೫. ಹೂಡಿಟ್ಟ ತಂತಿಗೆ ಕಣ್ಣಿಲ್ಲ

ಕಾವಲುಗಾರನು ಎದುರಿಗೆ ನಿಂತರೆ ಬಂದವನು ಯಾರೆಂದು ನೋಡುತ್ತಾನೆ, ಕೂಗಿ ಕೇಳುತ್ತಾನೆ, ಕೈಯಲ್ಲಿ ಕುಡುಗೋಲು ಇದೆಯೋ ಇಲ್ಲವೋ ತಿಳಿಯುತ್ತಾನೆ. ತಂತಿಗೆ ಕಣ್ಣಿಲ್ಲ, ಬಾಯಿಲ್ಲ. ಕತ್ತಲಲ್ಲಿ ಕಣದ ಬಳಿಗೆ ಬರುವವರು ಯಾರು ಯಾರು? ತಪ್ಪಿಸಿಕೊಂಡ ಕರುವನ್ನು ಹುಡುಕುವ ಹುಡುಗನು ಬರುತ್ತಾನೆ. ಬೆಳಗಾಗುವ ಮೊದಲು ಬಹಿರ್ದೆಶೆಗೆ ಹೋಗುವ ಹೆಂಗಸು ಬರುತ್ತಾಳೆ. ಕಾವಲಿರುವ ಗಂಡನಿಗೆ ಬುತ್ತಿ ತರುವ ಸ್ವಂತ ಹೆಂಡತಿಯೇ ಬರುತ್ತಾಳೆ. ತಂತಿಯು ಇವರೆಲ್ಲರನ್ನೂ ಕಳ್ಳನೆಂದೇ ಎಣಿಸುತ್ತದೆ.

ಇದು ಬರೀ ಊಹೆಯಲ್ಲ. ಬಿಹಾರ ಪ್ರಾಂತದಲ್ಲಿ ಒಬ್ಬನ ನೆರೆಮನೆಯ ಕಕ್ಕಸಿನ ಗೋಡೆಯು ಬಿದ್ದುಹೋಯಿತು. ಆ ಮನೆಯವರು ಇವನ ಕಕ್ಕಸಿಗೆ ಬರತೊಡಗಿದರು. ಬರಬೇಡಿರೆಂದು ಹೇಳಿದರೂ ಅವರು ಬಿಡಲಿಲ್ಲ. ಆಗ ಇವನು ದಾರಿಗೆ ಅಡ್ಡವಾಗಿ ಬರಿಯ ತಾಮ್ರದ ತಂತಿಯನ್ನು ಎಳೆದು ತನ್ನ ಮನೆಯ ಕರೆಂಟನ್ನು ಅದಕ್ಕೆ ಜೋಡಿಸಿದನು. ತಂತಿಯಲ್ಲಿ ಕರೆಂಟು ಇದೆಯೆಂಬ ಎಚ್ಚರಿಕೆ ಅಲ್ಲಿ ಇರಲಿಲ್ಲ. ನೆರೆಮನೆಯ ಒಬ್ಬ ಹೆಂಗಸು ಹೋಗಿ ಹಿಂದಿರುಗುವಾಗ ಕೈ ತಗಲಿ ಸತ್ತಳು. ಖಟ್ಲೆಯು ಸುಪ್ರೀಂ ಕೋರ್ಟಿನ ತನಕ ಹೋಯಿತು. ನನ್ನ ಜಾಗ, ನನ್ನ ಸೊತ್ತು, ಬಂದವಳು ಅತಿಕ್ರಮಣ ಮಾಡಿದವಳು ಎಂಬದೇ ಅವನ ಪಕ್ಷದ ವಾದ. ೧೯೬೩ ರಲ್ಲಿ ಕೋರ್ಟು ಆ ವಾದವನ್ನು ತಳ್ಳಿಬಿಟ್ಟಿತು. ಅತಿಕ್ರಮವಾಗಿ ಬಂದವನು ಕಾಯಿದೆಯ ಆಶ್ರಯವನ್ನು ಕಳೆದುಕೊಂಡವನಲ್ಲ. ಅವನಿಗೆ ಪ್ರಾಣಾಪಾಯವಾಗುವ ಉಪಾಯವನ್ನು ಬೇಕೆಂದು ಹೂಡಿಡುವದಕ್ಕೆ ಜಾಗದ ಒಡೆಯನಿಗೆ ಹಕ್ಕಿಲ್ಲವೆಂದು ತೀರ್ಪಾಗಿ ಶಿಕ್ಷೆಯು ಸ್ಥಿರವಾಯಿತು. ಆ ಸಹೋದರನ ಪ್ರಶ್ನೆಯೂ ಬಿಹಾರದ ಆ ಮನುಷ್ಯನ ಪ್ರಶ್ನೆಯೂ ಒಂದೇ ಎಂಬದನ್ನು ಓದುವವರು ನೋಡಿರಿ.

ಬೇರೆ ದೇಶಗಳಲ್ಲಿಯೂ ಇದೇ ನ್ಯಾಯ. ಇಂಗ್ಲೆಂಡಿನಲ್ಲಿ ಜಮೀನುದಾರರು ಬೇಟೆಯ ಕಳ್ಳರಿಗಾಗಿ ತಾನಾಗಿಯೇ ಹಾರುವ ಬಂದೂಕುಗಳನ್ನು ತೋಪುಗಳಲ್ಲಿ ಹೂಡಿಡುತ್ತಿದ್ದರು. ರಾತ್ರಿಯಲ್ಲಿ ವಾಸದ ಮನೆಯೊಳಗೆ ಇಡುವದೊಂದನ್ನು ಬಿಟ್ಟು ಅವೆಲ್ಲವನ್ನೂ ೧೮೨೭ ರ ಕಾಯಿದೆಯು ನಿಷೇಧಿಸಿತು. ಅಮೇರಿಕಾ ದೇಶದ ಅಯೋವಾ ಪ್ರಾಂತದಲ್ಲಿ ಬರಿದಾಗಿದ್ದ ಒಂದು ಹಳೇ ಹೊಲಮನೆಗೆ ಕಳ್ಳರು ಅನೇಕ ಸಾರಿ ನುಗ್ಗಿದ್ದರಿಂದ ಒಡೆಯರು ಒಳಕೋಣೆಯ ಬಾಗಿಲಿಗೆ ಬಂದೂಕನ್ನು ಕಟ್ಟಿಟ್ಟರು. ೧೯೬೭ ರಲ್ಲಿ ಹಳೇ ಸೀಸೆಗಳನ್ನು ಕದಿಯಲು ಬಂದವನ ಕಾಲು ಹಾಳಾಯಿತು. ಅವನು ಕಳ್ಳನೆಂಬದರಲ್ಲಿ ಸಂಶಯವಿರಲಿಲ್ಲ. ಆದರೂ ಒಡೆಯರು ಅವನಿಗೆ ಮೂವತ್ತು ಸಾವಿರ ಡಾಲರು ಕೊಡಬೇಕೆಂಬ ತೀರ್ಪನ್ನು ಆ ಪ್ರಾಂತದ ಮೇಲಣ ಕೋರ್ಟು ೧೯೭೧ ರಲ್ಲಿ ಎತ್ತಿಹಿಡಿಯಿತು. ತಾನು ಅಲ್ಲಿದ್ದು ತನ್ನ ಕೈಯಿಂದ ಮಾಡಕೂಡದ ಕೊಲೆಯನ್ನು ತಾನಿಲ್ಲದಾಗ ಯಂತ್ರದಿಂದ ಮಾಡಿಸಕೂಡದೆಂಬದೇ ಇದರ ತಾತ್ಪರ್ಯ.

ನಮ್ಮ ಈಗಿನ ಸಂಹಿತೆಯ ೧೦೬ ನೆಯ ಕಲಮಿನ ಪ್ರಕಾರ ಅಜಾಗ್ರತೆಯಿಂದ ಸಾವು ಉಂಟುಮಾಡಿದವನಿಗೆ ಐದು ವರುಷಗಳ ವರೆಗೆ ಸೆರೆಯೂ ದಂಡವೂ ಆಗಬಹುದು. ಹಳೇ ಸಂಹಿತೆಯಲ್ಲಿ ಇದು ಎರಡು ವರುಷವಿತ್ತು. ತಂತಿಯು ಕೊಲ್ಲುವದೆಂದು ತಿಳಿದೇ ಹೂಡಿದ್ದಾನೆಂದು ಕೋರ್ಟು ಕಂಡರೆ ಅಪರಾಧವು ಇನ್ನೂ ಮೇಲಕ್ಕೆ ಏರುತ್ತದೆ. ಕಾಡುಹಂದಿಗೆಂದು ಹಾಕಿದೆನು ಎಂಬ ನೆವವೂ ತಪ್ಪಿಸಲಾರದು. ಮುಖ್ಯ ಲೈನಿನ ಕರೆಂಟನ್ನು ಬೇಲಿಗೆ ಕೊಡುವದು ಬೇರೆ. ಕ್ಷಣಮಾತ್ರ ಜುಮ್ಮೆನಿಸಿ ಪ್ರಾಣ ತೆಗೆಯದ ಹಾಗೆ ನಿಯಮಕ್ಕೆ ಸರಿಯಾಗಿ ಮಾಡಿದ ಸೌರಬೇಲಿ ಬೇರೆ. ಇವೆರಡನ್ನು ಒಂದೆಂದು ತಿಳಿಯಬಾರದು.

೬. ಮೋಶೆಯ ಕಾಲದ ಅಳತೆ

ಸೂರ್ಯನು ಮುಳುಗುವದನ್ನೂ ಹುಟ್ಟುವದನ್ನೂ ಗುರುತಾಗಿಟ್ಟದ್ದು ನಮ್ಮ ಕಾಲದ ಕಾಯಿದೆ ಮಾತ್ರವಲ್ಲ. ವಿಮೋಚನಕಾಂಡದ ೨೨ ನೆಯ ಅಧ್ಯಾಯದ ಆರಂಭವನ್ನು ತೆಗೆದು ಓದಿರಿ. ಕನ್ನ ಕೊರೆಯುವಾಗ ಕತ್ತಲಲ್ಲಿ ಏಟು ಬಿದ್ದು ಕಳ್ಳನು ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯನು ಹುಟ್ಟಿದ ಮೇಲಾದರೆ ರಕ್ತಾಪರಾಧವುಂಟು ಎಂದು ಅಲ್ಲಿ ಭೇದಮಾಡಲಾಗಿದೆ. ಹಗಲಲ್ಲಿ ಸಿಕ್ಕ ಕಳ್ಳನಿಗೆ ಗೊತ್ತುಮಾಡಿದ್ದು ಮರಣವಲ್ಲ, ಕದ್ದದ್ದನ್ನು ತುಂಬಿಕೊಡುವದು. ಕಾರಣವು ತಿಳಿಯದ್ದಲ್ಲ. ಕತ್ತಲಲ್ಲಿ ಮನೆಯೊಳಗೆ ಬಂದವರು ಎಷ್ಟು ಮಂದಿ, ಅವರ ಕೈಯಲ್ಲಿ ಏನಿದೆ, ಬಂದದ್ದು ಧಾನ್ಯಕ್ಕೋ ಪ್ರಾಣಕ್ಕೋ ಎಂಬದು ಮಲಗಿದ್ದವನಿಗೆ ಗೊತ್ತಾಗುವದಿಲ್ಲ. ಬೆಳಕಿನಲ್ಲಿ ಮುಖದ ಗುರುತು ಸಿಕ್ಕುತ್ತದೆ, ನೆರೆಯವರು ಎದ್ದಿರುತ್ತಾರೆ.

ಧರ್ಮೋಪದೇಶಕಾಂಡದ ೨೨ ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತುಂಟು. ಹೊಸಮನೆ ಕಟ್ಟಿದವನು ಮಾಳಿಗೆಯ ಸುತ್ತಲೂ ಗೋಡೆ ಕಟ್ಟಬೇಕು. ಇಲ್ಲದಿದ್ದರೆ ಬಿದ್ದವನ ರಕ್ತವು ಮನೆಯ ಮೇಲೆ ಬರುವದು. ತನ್ನ ಮಾಳಿಗೆಯಿಂದ ಒಬ್ಬನು ತಪ್ಪಿ ಬೀಳದಂತೆ ಗೋಡೆ ಕಟ್ಟಬೇಕಾದವನು, ಒಬ್ಬನು ತಗಲಿ ಸಾಯಲೆಂದು ತಂತಿ ಕಟ್ಟಬಹುದೋ? ಇದನ್ನು ನಾನು ಆ ಸಹೋದರನಿಗೆ ಓದಿ ತೋರಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

೭. ಹಕ್ಕನ್ನು ಮೀರಿದರೆ ಆಗುವದೇನು

ಹಕ್ಕೇ ಇಲ್ಲದ ಕಡೆಯಲ್ಲಿ ಬೇಕೆಂದು ಕೊಂದರೆ ಅದು ಕೊಲೆ. ೧೦೩ ನೆಯ ಕಲಮಿನಂತೆ ಮರಣದಂಡನೆ ಇಲ್ಲವೆ ಜೀವಾವಧಿ ಸೆರೆ. ಹಕ್ಕು ಇದ್ದು, ಮುಂಚೆ ಯೋಚಿಸಿಕೊಳ್ಳದೆ, ಬೇಕಾದದ್ದಕ್ಕಿಂತ ಹೆಚ್ಚು ಕೇಡುಮಾಡುವ ಮನಸ್ಸಿಲ್ಲದೆ, ಸದ್ಭಾವದಿಂದ ಮೇರೆಮೀರಿ ಪ್ರಾಣ ತೆಗೆದವನನ್ನು ಕಾಯಿದೆಯು ಕೊಲೆಗಾರನೆಂದು ಕರೆಯುವದಿಲ್ಲ. ಆದರೆ ಬಿಟ್ಟುಬಿಡುವದೂ ಇಲ್ಲ. ಅವನದು ಕೊಲೆಯೆನಿಸದ ನರಹತ್ಯೆ. ೧೦೫ ನೆಯ ಕಲಮಿನಂತೆ ಅದಕ್ಕೂ ಅನೇಕ ವರುಷಗಳ ಸೆರೆಯಾಗಬಹುದು, ಜೀವಾವಧಿಯೂ ಆಗಬಹುದು. ಮುಂಚೆ ಯೋಚಿಸಿಕೊಳ್ಳದೆ ಎಂಬ ಮಾತನ್ನು ಮತ್ತೊಮ್ಮೆ ಓದಿರಿ. ಪೇಟೆಗೆ ಹೋಗಿ ತಂತಿ ಕೊಂಡುತಂದು ಕಟ್ಟಿದವನು ಮುಂಚೆ ಯೋಚಿಸಲಿಲ್ಲವೆಂದು ಯಾರು ನಂಬುವರು?

ನಾನು ರಕ್ಷಣೆಗೋಸ್ಕರ ಮಾಡಿದೆನೆಂದು ಹೇಳುವವನೇ ಅದನ್ನು ತೋರಿಸಿಕೊಡಬೇಕು. ಎಲ್ಲಾ ಸಂಶಯವನ್ನೂ ಅಳಿಸುವಷ್ಟು ತೋರಿಸಬೇಕೆಂದಲ್ಲ; ಅವನ ಮಾತೇ ಸಂಭವವಾದದ್ದೆಂದು ಕೋರ್ಟಿಗೆ ಕಂಡುಬಂದರೆ ಸಾಕು. ಆದಕಾರಣ ನಡೆದದ್ದನ್ನು ಮುಚ್ಚದೆ ಆಗಲೇ ಠಾಣೆಗೆ ತಿಳಿಸಿದವನ ಮಾತಿಗೆ ಬೆಲೆಯುಂಟು. ಹೆಣವನ್ನು ಎಳೆದು ಹಳ್ಳಕ್ಕೆ ಹಾಕಿದವನ ಮಾತಿಗೆ ಬೆಲೆಯಿಲ್ಲ.

೮. ಹಾಗಾದರೆ ಮಾಡತಕ್ಕದ್ದೇನು?

ಮೊದಲು ಕೂಗಬೇಕು, ದೀಪ ಹಚ್ಚಬೇಕು, ನೆರೆಯವರನ್ನು ಎಬ್ಬಿಸಬೇಕು. ಕಳ್ಳನಿಗೆ ಗದ್ದಲಕ್ಕಿಂತ ದೊಡ್ಡ ಶತ್ರುವಿಲ್ಲ. ಕೈಯಲ್ಲಿ ಫೋನಿದ್ದರೆ ೧೧೨ ಕ್ಕೆ ಕರೆಮಾಡಿ ಊರಿನ ಹೆಸರನ್ನೂ ದಾರಿಯನ್ನೂ ಹೇಳಬೇಕು. ಕಣ್ಣೆದುರಿಗೆ ಜಾಮೀನಿಲ್ಲದ ದೊಡ್ಡ ಅಪರಾಧ ಮಾಡಿದವನನ್ನು ಸಾಧಾರಣ ಮನುಷ್ಯನೂ ಹಿಡಿಯಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯು ಅಪ್ಪಣೆ ಕೊಡುತ್ತದೆ. ಆದರೆ ತಡಮಾಡದೆ, ಆರು ಗಂಟೆಗಳೊಳಗೆ, ಪೋಲೀಸರ ವಶಕ್ಕೆ ಕೊಡಬೇಕು.

ಮರುದಿನ ಫಿರ್ಯಾದಿ ಕೊಡುವದನ್ನು ಬಿಡಬಾರದು. ಹೋದ ಮಾಲು ಎಷ್ಟು, ಯಾವ ರಾತ್ರಿ, ಯಾರು ನೋಡಿದರು ಎಂಬದನ್ನು ಬರೆದುಕೊಂಡು ಹೋಗಿರಿ. ಬರೆಯಲು ಬಾರದವರು ಬಾಯಿಯಿಂದ ಹೇಳಿದರೂ ಠಾಣೆಯವರು ಬರೆದುಕೊಳ್ಳಬೇಕು. ಫಿರ್ಯಾದಿಯ ಒಂದು ಪ್ರತಿಯನ್ನು ನಿಮಗೆ ಹಣವಿಲ್ಲದೆ ಕೊಡಬೇಕು. ಠಾಣೆಯವರು ಬರೆದುಕೊಳ್ಳದಿದ್ದರೆ ಸಂಗತಿಯನ್ನು ಕಾಗದದಲ್ಲಿ ಬರೆದು ಅಂಚೆಯಿಂದ ಜಿಲ್ಲೆಯ ಪೋಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಬಡವನ ಮಾತನ್ನು ಯಾರೂ ಕೇಳುವದಿಲ್ಲವೆಂದು ಮೊದಲೇ ಕೈಬಿಟ್ಟು ಕೂತವನೇ ಕಡೆಗೆ ಕೊಡಲಿಗೆ ಕೈಹಾಕುತ್ತಾನೆ.

ಆ ಸಹೋದರನು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ಅವನು ತಂತಿಯ ಸುರುಳಿಯನ್ನು ಅಟ್ಟದ ಮೇಲೆ ಇಟ್ಟನು. ಅಕ್ಕಪಕ್ಕದ ಕಣದವರು ಮೂವರು ಇದ್ದರು. ಅವರಲ್ಲಿ ಒಬ್ಬನೊಂದಿಗೆ ಇವನು ಎರಡು ವರುಷಗಳಿಂದ ಮಾತು ಬಿಟ್ಟಿದ್ದನು. ಆ ಮನೆಗೆ ತಾನೇ ಹೋಗಿ ಮಾತಾಡಿದನು. ನಾಲ್ವರೂ ಪಾಳಿಯ ಮೇಲೆ ಕಾವಲು ಮಲಗಿದರು. ಒಂದು ದೊಡ್ಡ ಬ್ಯಾಟರಿಯನ್ನೂ ಒಂದು ಹಲಗೆಯನ್ನೂ ಕಣದಲ್ಲಿಟ್ಟರು. ಒಂದು ರಾತ್ರಿ ಯಾರೋ ಬಂದರು. ಹಲಗೆಯ ಸದ್ದಿಗೆ ಓಡಿದರು. ಕಳೆದುಹೋದ ಮಾಲು ಹಿಂದಕ್ಕೆ ಬರಲಿಲ್ಲ. ಸಾಲದ ಒಂದು ಪಾಲು ಈ ವರುಷಕ್ಕೂ ಉಳಿದಿದೆ. ನಷ್ಟವು ನಷ್ಟವೇ, ಅದನ್ನು ಲಾಭವೆಂದು ನಾನು ಹೇಳುವದಿಲ್ಲ. ಆದರೆ ಮಗಳು ಶಾಲೆಗೆ ಹೋಗುತ್ತಾಳೆ, ತಂದೆ ಸೆರೆಯಲ್ಲಿಲ್ಲ, ಊರಿನಲ್ಲಿ ಯಾರ ಮನೆಯಲ್ಲಿಯೂ ಆ ಕಣದ ನಿಮಿತ್ತ ಅಳುವವರಿಲ್ಲ. ಮೆಣಸಿನಕಾಯಿಯನ್ನು ಮುಂದಿನ ಮಳೆಗೆ ಮತ್ತೆ ಬೆಳೆಯಬಹುದು.

ಪಾಠದ ಪ್ರಶ್ನೆಗಳು

೧. ಸೊತ್ತನ್ನು ಕಾಪಾಡುವ ಹಕ್ಕು ಯಾವ ನಾಲ್ಕು ಅಪರಾಧಗಳಿಗೆ ಎದುರಾಗಿ ಇದೆ?
೨. ಕಳವು ಸುಲಿಗೆಯಾಗುವದು ಯಾವಾಗ?
೩. ರಾತ್ರಿಯಲ್ಲಿ ಮನೆಗೆ ಕನ್ನ ಹಾಕುವವನಿಗೂ ರಾತ್ರಿಯಲ್ಲಿ ಕಣದಿಂದ ಕದಿಯುವವನಿಗೂ ಕಾಯಿದೆಯು ಮಾಡುವ ಭೇದವೇನು?
೪. ಓಡುವ ಕಳ್ಳನ ಕೈಯಿಂದ ಚೀಲವನ್ನು ಬಿಡಿಸಿಕೊಳ್ಳಬಹುದು, ಅವನ ಬೆನ್ನಿಗೆ ಗುಂಡಿಡಕೂಡದು. ಯಾಕೆ?
೫. ಬಿಹಾರದ ಖಟ್ಲೆಯಲ್ಲಿ ಸತ್ತವಳು ಕಳ್ಳಳೋ? ಅದರಿಂದ ನಾವು ಕಲಿಯತಕ್ಕದ್ದೇನು?
೬. ನಿಮ್ಮ ಊರಿನಲ್ಲಿ ಕಣಗಳನ್ನು ಕೂಡಿ ಕಾಯುವದಕ್ಕೆ ಯಾರು ಯಾರೊಂದಿಗೆ ಮಾತಾಡಬೇಕಾಗಿದೆ?